ಒಣ ನೆಲದ ಮೇಲೆ ಗಾಲ್ಫು

ಏಪ್ರಿಲ್ ಎರಡನೇ ವಾರ ಬಂತು ಅಂದ್ರೆ ನಮ್ಮ ಬಂಗಾರಪೇಟೆ ಮನೆಲಿ ನಂಗೆ ಸರಿಯಾಗಿ ನಿದ್ದೆ ಆಗಲ್ಲ, ಒಂದು ಕಡೆ ಸೆಕೆ, ಇನ್ನೊಂದು ಕಡೆ ಅಮೆರಿಕದ ಆಗಸ್ಟಾದಲ್ಲಿ ನಡೆಯೋ ಮಾಸ್ಟರ್ಸ್ ಗಾಲ್ಫ್. ಅಲ್ಲಿ ಭಾನುವಾರ ಮಧ್ಯಾಹ್ನ ಶುರುವಾಗಿದ್ದು ನಮಗೆ ಮುಗಿಯೋ ಹೊತ್ತಿಗೆ ಸೋಮವಾರ ಬೆಳಗಿನ ಜಾವ ಆಗಿರುತ್ತೆ. 2025ರಲ್ಲಿ ಆ ಸೋಮವಾರ ಏಪ್ರಿಲ್ 14 ಬಿತ್ತು, ಅಂಬೇಡ್ಕರ್ ಜಯಂತಿ, ಆಫೀಸಿಗೆ ರಜೆ, ಬೆಳಿಗ್ಗೆ ಟೀಮಿನ ಸ್ಟ್ಯಾಂಡಪ್ ಕಾಲ್ ಇಲ್ಲ, ಹಂಗಾಗಿ ಚಾಪೆ ತಗೊಂಡು ಟೆರೇಸ್ ಮೇಲೆ ಹೋಗಿ ಫೋನಲ್ಲೇ ನೋಡ್ತಾ ಕೂತೆ.

ಉತ್ತರ ಐರ್ಲೆಂಡಿನ ಆಟಗಾರ ರೋರಿ ಮ್ಯಾಕಿಲ್ರಾಯ್ ಆ ದಿನ ಆಡಿದ ರೀತಿ ನೋಡಿದವರಿಗೆ ಗೊತ್ತು. ಮೊದಲನೇ ಹೋಲಲ್ಲೇ ಡಬಲ್ ಬೋಗಿ, ಅಂದ್ರೆ ನಿಗದಿಗಿಂತ ಎರಡು ಹೊಡೆತ ಜಾಸ್ತಿ, ಆಮೇಲೆ ಸರಿಹೋದ್ರು ಅನ್ನೋ ಹೊತ್ತಿಗೆ 13ನೇ ಹೋಲಲ್ಲಿ ಹತ್ತಿರದಿಂದ ಹೊಡೆದ ಚೆಂಡು ತೊರೆಗೆ ಬಿತ್ತು, ಕೊನೇ ಹೋಲಲ್ಲಿ ಗೆಲ್ಲೋದಕ್ಕೆ ಬೇಕಿದ್ದ ಸಣ್ಣ ಪಟ್ (ಚೆಂಡನ್ನ ಕುಳಿಗೆ ಉರುಳಿಸೋ ಹೊಡೆತ) ತಪ್ಪೋಯ್ತು, ಸ್ಕೋರ್ ಸಮ ಆಗಿ ಜಸ್ಟಿನ್ ರೋಸ್ ಜೊತೆ ಪ್ಲೇಆಫ್ ಆಡಬೇಕಾಯ್ತು, ಅದರಲ್ಲಿ ಮೊದಲನೇ ಹೋಲಲ್ಲೇ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಮ್ಮಿ) ಮಾಡಿ ಗೆದ್ದರು. ಗಾಲ್ಫಿನ ನಾಲ್ಕೂ ದೊಡ್ಡ ಟೂರ್ನಿ ಗೆದ್ದವರಲ್ಲಿ ಆರನೇಯವರು. ಹುಲ್ಲಿನ ಮೇಲೆ ಮಂಡಿಯೂರಿ ಅತ್ತರಲ್ಲ, ನಂಗೂ ಕಣ್ಣು ತುಂಬಿ ಬಂತು, ಮಸೀದಿ ಆಜಾನ್ ಹೊತ್ತಿಗೆ ಕೆಳಗಿಳಿದು ಬಂದು ಅಮ್ಮನ್ನ ಎಬ್ಬಿಸಿ ಹೇಳಿದೆ.

ಆಟದಷ್ಟೇ ನಂಗೆ ಇಷ್ಟ ಆಗೋದು ಅದರ ಆ್ಯಪ್. ನಾನು ಸಾಫ್ಟ್‌ವೇರಲ್ಲಿ ಬ್ಯಾಕೆಂಡ್, ಅಂದ್ರೆ ತೆರೆ ಹಿಂದಿನ ಕೋಡ್ ಕೆಲಸ ಮಾಡೋನು, ಕಣ್ಣು ಅಲ್ಲಿಗೇ ಹೋಗುತ್ತೆ. 2019ರಿಂದ ಆ ಆ್ಯಪಲ್ಲಿ ಪ್ರತಿಯೊಬ್ಬ ಆಟಗಾರನ ಪ್ರತಿಯೊಂದು ಹೊಡೆತದ ವಿಡಿಯೊ, ಹೊಡೆದ ಕೆಲವೇ ನಿಮಿಷದಲ್ಲಿ ಸಿಗುತ್ತೆ, ಟಿವಿಲಿ ಒಂದ್ಸಲನೂ ತೋರಿಸದೇ ಇರೋ ಆಟಗಾರನದ್ದೂ. ಎಲ್ಲಾ ಹೋಲಲ್ಲೂ ಕ್ಯಾಮೆರಾ, ಯಾರು ಹೊಡೆದ್ರು ಅಂತ ಗುರುತಿಸಬೇಕು, ಎಲ್ಲಿ ಶುರು ಎಲ್ಲಿ ಕೊನೆ ಅಂತ ಕತ್ತರಿಸಬೇಕು, ಸ್ಕೋರ್ ಜೊತೆ ತಾಳೆ ಹಾಕಬೇಕು, ಆಮೇಲೆ ನಮ್ಮೂರ ಟೆರೇಸ್‌ವರೆಗೂ ತಲುಪಿಸಬೇಕು. ಇದನ್ನ ಮಾಡಿರೋ ಟೀಮಿನ ಮೇಲೆ ನಂಗೆ ನಿಜವಾದ ಗೌರವ ಇದೆ.

ಆದ್ರೆ ಆಗಸ್ಟಾ ನೋಡ್ತಾ ನೋಡ್ತಾ ಒಂದು ವಿಷಯ ಸುಮಾರು ವರ್ಷದಿಂದ ನನ್ನ ಕೊರೀತಾ ಇದೆ. ಆ ಹಸಿರು. ಒಂದು ಎಲೆ ಒಣಗಿಲ್ಲ, ಒಂದು ಕಡೆ ಮಣ್ಣು ಕಾಣಲ್ಲ, ಗ್ರೀನ್, ಅಂದ್ರೆ ಕುಳಿ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು, ಅದರ ಕೆಳಗಡೆ ಪೈಪ್ ಹಾಕಿ ತೇವ ಎಳ್ಕೊಳೋ, ಗಾಳಿ ಊದೋ ಮೆಷಿನ್ ಇಟ್ಟಿದ್ದಾರೆ. ಟಿವಿಲಿ ಅದನ್ನ ನೋಡಿದವರೆಲ್ಲ ಗಾಲ್ಫ್ ಅಂದ್ರೆ ಇದೇ ಅಂದ್ಕೋತಾರೆ, ನಮ್ಮ ಕಡೆ ಯಾರಾದ್ರೂ ಗಾಲ್ಫ್ ಅಂದ ಕೂಡ್ಲೆ "ಅದಕ್ಕೆ ನೀರೆಲ್ಲಿಂದ ತರ್ತೀರಾ" ಅಂತ ಕೇಳ್ತಾರೆ, ಸರಿಯಾಗೇ ಕೇಳ್ತಾರೆ. ನೀರು ಹಾಕಿ ಬೆಳೆಸೋ ಗಾಲ್ಫ್ ಕೋರ್ಸಿಗೆ, ಅಂದ್ರೆ ಮೈದಾನಕ್ಕೆ, ಬೇಸಿಗೆಲಿ ದಿನಕ್ಕೆ ಲಕ್ಷಗಟ್ಟಲೆ ಲೀಟರ್ ಬೇಕು. ನಮ್ಮ ಕೋಲಾರ ಜಿಲ್ಲೆಲಿ ವರ್ಷವಿಡೀ ಹರಿಯೋ ನದಿ ಒಂದಿಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದ್ರೂ ಧೂಳು ಬರೋ ಊರುಗಳಿವೆ, 2018ರಿಂದ ಕೆರೆಗಳಿಗೆ ಬರ್ತಿರೋದು ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕಳಿಸೋ ಕೆಸಿ ವ್ಯಾಲಿ ನೀರು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆಗೆ ಅನ್ನೋದು ಯೋಜನೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ರೈತರು ಕೇಳ್ತಾನೇ ಇದ್ದಾರೆ. ಇಂಥ ಜಿಲ್ಲೆಲಿ ಹುಲ್ಲಿಗೆ ಅಂತ ಬೋರ್ ಕೊರೆಸೋದು ನನ್ನ ಪ್ರಕಾರ ತಪ್ಪು. ಆಟನ ಇಷ್ಟು ಪ್ರೀತಿಸೋ ನಾನೇ ಹೇಳ್ತಿದೀನಿ.

ಮತ್ತೆ ಆಗಸ್ಟಾ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ, ಆ ಕೋರ್ಸ್ ಮೇ ಕೊನೆಯಿಂದ ಅಕ್ಟೋಬರ್‌ವರೆಗೂ ಮುಚ್ಚಿರುತ್ತೆ. ಬೇಸಿಗೆಲಿ ಅಲ್ಲಿ ಯಾರೂ ಆಡಲ್ಲ. ನಾವು ನೋಡೋದು ವರ್ಷದಲ್ಲಿ ಒಂದೇ ವಾರ.

ರಜೆ ದಿನ ಎರಡು ಗಂಟೆ ಮಲಗೆದ್ದು ಬೈಕ್ ತಗೊಂಡು ಕೆಜಿಎಫ್‌ಗೆ ಹೋದೆ, ಅಲ್ಲಿ ನಮ್ಮ ಮಾವ ಇದಾರೆ, ಅಮ್ಮನ ಅಣ್ಣ. ಚಾಂಪಿಯನ್ ರೀಫ್ ಗಣಿಲಿ ಕೆಲಸದಲ್ಲಿದ್ರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ. ಅದಕ್ಕೂ ಮುಂಚೆ ಚಿಕ್ಕ ಹುಡುಗ ಆಗಿದ್ದಾಗ ಗಾಲ್ಫ್ ಮೈದಾನದಲ್ಲಿ ಕ್ಯಾಡಿ ಆಗಿ ಬ್ಯಾಗ್ ಹೊತ್ತಿದಾರೆ. ಬ್ರಿಟಿಷರ ಕಾಲದಲ್ಲಿ ಗಣಿ ಸಾಹೇಬರುಗಳು ಮಾಡಿಕೊಂಡ ಮೈದಾನ ಅದು. ದಾರಿಯುದ್ದಕ್ಕೂ ನೀಲಿ ಬಾವುಟ, ರಾಬರ್ಟ್‌ಸನ್‌ಪೇಟೆಲಿ ಮೆರವಣಿಗೆಗೆ ತಯಾರಿ, ತಮಿಳರ ಮನೆಗಳಲ್ಲಿ ಅದೇ ದಿನ ಹೊಸ ವರ್ಷ, ಬಾಗಿಲಿಗೆಲ್ಲಾ ಮಾವಿನ ತೋರಣ, ಯಾರೋ ಹುಡುಗರು ಬೈಕ್ ನಿಲ್ಲಿಸಿ ನೀರು ಮಜ್ಜಿಗೆ ಕೊಟ್ಟರು, ಹಸಿಮೆಣಸಿನಕಾಯಿ ಜಜ್ಜಿ ಹಾಕಿದ್ದು, ಆ ಬಿಸಿಲಿಗೆ ಜೀವ ಬಂದಂಗಾಯ್ತು. ಮಾವನ ಮನೆಲಿ ಮುದ್ದೆ, ಬಸ್ಸಾರು, ಮಾವಿನಕಾಯಿ ಚಟ್ನಿ. ಉಂಡು ಸ್ವಲ್ಪ ಹೊತ್ತು ಒರಗಿ, ಬಿಸಿಲು ಇಳಿದ ಮೇಲೆ ಮೈದಾನಕ್ಕೆ ಹೊರಟ್ವಿ.

ದೂರದಲ್ಲಿ ಸೈನೈಡ್ ಗುಡ್ಡ, ಅದೇ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ರಾಶಿ. ಗಾಳಿ ಜೋರಾದ್ರೆ ಅದರ ಧೂಳು ಊರೊಳಗೆ ಬರುತ್ತೆ, ಇಲ್ಲಿಯ ಜನ ಎಷ್ಟೋ ವರ್ಷದಿಂದ ಅದನ್ನೇ ಉಸಿರಾಡ್ತಾ ಇದಾರೆ, ಗಣಿ ಮುಚ್ಚಿ ಕಾಲು ಶತಮಾನ ಆಗ್ತಾ ಬಂದ್ರೂ ಅದಕ್ಕೊಂದು ದಾರಿ ಆಗಿಲ್ಲ. ಅದನ್ನ ಬರೀದೆ ಕೆಜಿಎಫ್ ಬಗ್ಗೆ ಬರೆಯೋಕೆ ನಂಗೆ ಮನಸ್ಸು ಬರಲ್ಲ.

ಮೈದಾನದಲ್ಲಿ ಹುಲ್ಲು ಒಣಗಿ ಹೊಂಬಣ್ಣ, ನಡುನಡುವೆ ಕೆಂಪು ಮಣ್ಣು, ಕಾಲಿಟ್ಟರೆ ಚರಚರ ಅನ್ನುತ್ತೆ. ನಾನು ಫೋನ್ ತೆಗೆದು ಜಿಪಿಎಸ್‌ನಲ್ಲಿ ದೂರ ನೋಡಿದೆ, ಕುಳಿ ಗುರುತಿಗೆ ನೆಟ್ಟ ಬಾವುಟಕ್ಕೆ 130 ಗಜ ಅಂತ ತೋರಿಸ್ತು. ಮಾವ ಅದನ್ನ ನೋಡೇ ಇಲ್ಲ. ಬಗ್ಗಿ ಚಿಟಿಕೆ ಮಣ್ಣು ತಗೊಂಡು ಬೆರಳಿಂದ ಉದುರಿಸಿ ಗಾಳಿ ನೋಡಿದ್ರು, ಆಮೇಲೆ ಹಿಮ್ಮಡಿ ಒತ್ತಿ ನೆಲ ನೋಡಿದ್ರು, ಏಳನೇ ನಂಬರ್ ಐರನ್ (ಲೋಹದ ತಲೆಯ ಕ್ಲಬ್) ತಗೊಂಡ್ರು, ಅದರ ಮುಖದ ಗೀರುಗಳೆಲ್ಲಾ ಸವೆದು ನುಣ್ಣಗಾಗಿದೆ, ಹಿಡಿಗೆ ಸುತ್ತಿರೋದು ಸೈಕಲ್ ಟ್ಯೂಬಿನ ಪಟ್ಟಿ. ಅರ್ಧ ಸ್ವಿಂಗ್ ಅಷ್ಟೇ. ಚೆಂಡು ಎತ್ತರಕ್ಕೆ ಹೋಗಲೇ ಇಲ್ಲ, ಆಳೆತ್ತರದಲ್ಲಿ ಹೋಗಿ ಬಾವುಟಕ್ಕಿಂತ ಎಷ್ಟೋ ಮುಂಚೆನೇ ನೆಲಕ್ಕೆ ಬಿದ್ದು, ಎರಡು ಸಲ ಪುಟಿದು, ಆಮೇಲೆ ಉರುಳ್ತಾ ಉರುಳ್ತಾ ಇಳಿಜಾರಲ್ಲಿ ಎಡಕ್ಕೆ ವಾಲಿ ಬಾವುಟದ ಹತ್ರ ಹೋಗಿ ನಿಂತ್ಕೊಂಡ್ತು.

"ನಿನ್ ಫೋನು ಬಾವುಟ ಎಲ್ಲೈತೆ ಅಂತ ಹೇಳ್ತು, ಸರಿ. ಚೆಂಡು ಎಲ್ಲಿ ಬೀಳಬೇಕು ಅಂತ ಹೇಳ್ತಾ?" ಅಂದ್ರು ಮಾವ.

ಇಲ್ಲ, ಹೇಳಲ್ಲ. ಇದೇ ವಿಷಯ ನನ್ನ ಅಲ್ಲೇ ನಿಲ್ಲಿಸಿಬಿಡ್ತು. ನೀರು ಕುಡಿದು ಮೆತ್ತಗಿರೋ ಗ್ರೀನಲ್ಲಿ ಚೆಂಡು ಬಿದ್ದ ಜಾಗದಲ್ಲೇ ಹೆಚ್ಚುಕಮ್ಮಿ ನಿಲ್ಲುತ್ತೆ, ಅಲ್ಲಿ ಬಾವುಟದ ದೂರ ಗೊತ್ತಾದ್ರೆ ಸಾಕು, ಗಾಲ್ಫ್ ಆ್ಯಪ್‌ಗಳು, ಲೇಸರ್ ಮೀಟರ್‌ಗಳು ಎಲ್ಲಾ ಆ ಒಂದು ನಂಬರ್ ಮೇಲೇ ನಿಂತಿವೆ. ಗಟ್ಟಿ ನೆಲದಲ್ಲಿ ಆ ನಂಬರ್ ಕೆಲಸಕ್ಕೆ ಬರಲ್ಲ. ಬೀಳೋ ಜಾಗ, ಬಿದ್ದ ಮೇಲೆ ಓಟ, ಇಳಿಜಾರು, ಇವು ಮೂರೂ ಬೇಕು. ಮಾವನ ತಲೇಲಿ ಅದೆಲ್ಲಾ ಇದೆ, ಮರದ ಲೆಕ್ಕದಲ್ಲಿ: ಬೇವಿನ ಮರದ ನೆರಳಿಗೆ ಬೀಳ್ಸು, ಕಲ್ಲಿನ ಬಲಕ್ಕೆ ಬೀಳ್ಸು, ಇಲ್ಲಿ ಏಳನೇ ಐರನ್, ಅಲ್ಲಿ ಒಂಬತ್ತನೇದು.

ಮುಂದಿನ ಹೋಲಲ್ಲಿ ನನ್ನ ಚೆಂಡು ಬಿರುಕು ಬಿಟ್ಟ ಮಣ್ಣಲ್ಲಿ ಕೂತಿತ್ತು, ಹಿಂದೆನೇ ಒಂದು ಬೆಣಚುಕಲ್ಲು. ಸಡಿಲವಾಗಿರೋ ಕಲ್ಲು ಎತ್ತಬಹುದು ಅಂತ ರೂಲ್ ಇದೆ, ಆದ್ರೆ ಎತ್ತುವಾಗ ಚೆಂಡು ಅಲ್ಲಾಡಿದ್ರೆ ಒಂದು ಹೊಡೆತ ದಂಡ. ಮಾವ ಹೊಟ್ಟೆ ಮೇಲೆ ಮಲಗೋ ಹಂಗೆ ಬಗ್ಗಿ, ಎಡಗೈ ಬೆರಳಿಂದ ಕಲ್ಲಿನ ಆ ಕಡೆ ಮಣ್ಣು ಬಿಡಿಸಿ, ಚೆಂಡಿಂದ ಆಚೆಗೆ ಜಾರಿಸಿ ತೆಗೆದ್ರು, ಚೆಂಡು ಕದಲಿಲ್ಲ. ನೋಡೋಕೆ ನಾವಿಬ್ಬರೇ ಇದ್ದಿದ್ದು. "ಚೆಂಡನ್ನ ಚೂರು ಪಕ್ಕಕ್ಕೆ ಇಟ್ಟು ಹೊಡೆದ್ರೆ ಏನಾಯ್ತು ಮಾವ" ಅಂದ್ರೆ, "ಎಲ್ಲಿ ಬಿದ್ದೈತೋ ಅಲ್ಲಿಂದ್ಲೇ ಆಡ್ಬೇಕಪ್ಪ, ಇಲ್ಲಾಂದ್ರೆ ಆಟ ಯಾಕೆ" ಅಂದ್ರು. ಗಾಲ್ಫಲ್ಲಿ ಅಂಪೈರ್ ಪಕ್ಕದಲ್ಲಿ ನಿಂತಿರಲ್ಲ, ನಮ್ಮ ತಪ್ಪಿಗೆ ದಂಡ ನಾವೇ ಹಾಕ್ಕೋಬೇಕು, ನಂಗೆ ಈ ಆಟ ಹಿಡಿಸಿದ್ದೇ ಇದರಿಂದ. 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನಕ್ಕೆ ಬಂದ್ರಲ್ಲ, ಆ ಶನಿವಾರ ಬೆಳಿಗ್ಗೆ ಶುರುವಾದ ಹುಚ್ಚು ಇನ್ನೂ ಬಿಟ್ಟಿಲ್ಲ.

ಕಲ್ಲುಬೆಂಚಿನ ಮೇಲೆ ಕೂತು ನೀರು ಕುಡೀತಾ ಮಾವ ಹಳೇದು ಹೇಳಿದ್ರು. ನೀರು ಕಮ್ಮಿ ಇರೋ ಊರುಗಳಲ್ಲಿ ಗ್ರೀನೇ ಇರ್ತಿರಲಿಲ್ಲ, ಬ್ರೌನ್ ಅಂತ ಮಾಡ್ತಿದ್ರು, ಮರಳಿಗೆ ಎಣ್ಣೆ ಬೆರೆಸಿ ತಟ್ಟಿ ನುಣ್ಣಗೆ ಮಾಡೋದು, ಒಂದು ಗುಂಪು ಆಡಿದ ಮೇಲೆ ಹೆಜ್ಜೆ ಗುರುತೆಲ್ಲಾ ಅಳಿಸಿ ಮತ್ತೆ ಸಮ ಮಾಡೋದು. ಹಸಿರಿಲ್ಲದೆ ಈ ಆಟ ಇಲ್ಲ ಅನ್ನೋದು ಟಿವಿ ಬಂದ ಮೇಲಿನ ಮಾತು. ಗಾಲ್ಫ್ ಹುಟ್ಟಿದ ಸ್ಕಾಟ್ಲೆಂಡಲ್ಲೂ ಆಡ್ತಿದ್ದಿದ್ದು ಸಮುದ್ರದ ಪಕ್ಕದ ಮರಳು ನೆಲದಲ್ಲಿ, ಬೇಸಾಯಕ್ಕೆ ಬಾರದ ಜಾಗ, ಕುರಿ ಮೇಯ್ದು ಸಣ್ಣಗಾದ ಹುಲ್ಲು. 2006ರ ಬ್ರಿಟಿಷ್ ಓಪನ್ ಇಂಗ್ಲೆಂಡಿನ ಹೊಯ್ಲೇಕಲ್ಲಿ ಆಯ್ತು, ಆ ಬೇಸಿಗೆಲಿ ಕೋರ್ಸ್ ಪೂರ್ತಿ ಒಣಗಿ ಕಂದು ಬಣ್ಣ, ಟೈಗರ್ ವುಡ್ಸ್ ನಾಲ್ಕು ದಿನದಲ್ಲಿ ಡ್ರೈವರ್ (ಅತಿ ದೂರ ಹೊಡೆಯೋ ಕ್ಲಬ್) ತೆಗೆದಿದ್ದು ಒಂದೇ ಸಲ, ಮಿಕ್ಕಂತೆ ಹೆಚ್ಚಾಗಿ ಐರನ್ನಲ್ಲಿ ತಗ್ಗಿಸಿ ಹೊಡೆದು ಓಡಿಸಿ ಗೆದ್ದರು. ಆ ವಿಡಿಯೊ ಮಾವಂಗೆ ಫೋನಲ್ಲಿ ತೋರಿಸಿದೆ. ಸಂಜೆ ಬಿಸಿಲಿಗೆ ಸ್ಕ್ರೀನ್ ಕಾಣದೆ ಟವೆಲ್ ಮುಸುಕು ಹಾಕ್ಕೊಂಡು ನೋಡಿದ್ರು, ನೋಡಿ ಮುಗಿಸಿ "ನಮ್ ಮೈದಾನ ಇದ್ದಂಗೇ ಐತಲ್ಲಪ್ಪ" ಅಂದ್ರು, ಆ ಖುಷಿ ನೋಡಬೇಕಿತ್ತು.

ನನ್ನ ಕೆಲಸದಲ್ಲೂ ಬೇಕಿರೋದಕ್ಕಿಂತ ಜಾಸ್ತಿ ಸುರಿಯೋ ಈ ಆಗಸ್ಟಾ ಚಟ ಇದೆ. ಸಣ್ಣದೊಂದು ಫಾರ್ಮ್ ತೋರಿಸೋ ಪೇಜಿಗೆ ಹತ್ತು ಎಂಬಿ ಜಾವಾಸ್ಕ್ರಿಪ್ಟ್ ಕೋಡ್ ತುಂಬೋದು, ಬೆಂಗಳೂರಿನ ಆಫೀಸ್ ವೈಫೈನಲ್ಲಿ ಓಡಿತು ಅಂದ್ರೆ ಮುಗೀತು ಅನ್ನೋದು. ನಮ್ಮ ಮನೆಲಿ ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಕೂಗ್ತಾ ಇದ್ದಾಗ ಫೋನ್ ಹಾಟ್‌ಸ್ಪಾಟಲ್ಲಿ ಆ ಪೇಜ್ ತೆರೆದು ನೋಡಿದ್ರೆ ಗೊತ್ತಾಗುತ್ತೆ ಯಾರಿಗೆ ಏನು ಕಷ್ಟ ಅಂತ. ನಾವು ಕೆಲವರು ಶುಕ್ರವಾರ ಸಂಜೆ ಕೋಡ್ ಗಾಲ್ಫ್ ಆಡ್ತೀವಿ, ಪರ್ಲ್ ಅನ್ನೋ ಭಾಷೆಲಿ ಕೋಡ್ ಬರೆಯೋರ ಮಧ್ಯೆ ಬೆಳೆದ ಆಟ, ಒಂದು ಸಮಸ್ಯೆನ ಯಾರು ಅತಿ ಕಮ್ಮಿ ಅಕ್ಷರದಲ್ಲಿ ಬಿಡಿಸ್ತಾರೋ ಅವರು ಗೆದ್ದಂಗೆ. ಜನ ಬಳಸೋ ಪ್ರೊಡಕ್ಷನ್‌ಗೆ ಅಂಥ ಕೋಡ್ ಹಾಕಬಾರದು ಅದು ಬೇರೆ ಮಾತು, ಆದ್ರೆ ಇಷ್ಟರಲ್ಲೇ ಆಗುತ್ತೆ ಅನ್ನೋ ಕಣ್ಣು ಅದರಿಂದ ಬರುತ್ತೆ. ಡೇಟಾ ಸೆಂಟರ್‌ಗಳನ್ನ ತಂಪು ಮಾಡೋಕೂ ಎಷ್ಟೋ ಕಡೆ ನೀರನ್ನೇ ಆವಿ ಮಾಡ್ತಾರೆ, ದಿನವಿಡೀ ಎಐ ಹತ್ರ ಕೋಡ್ ಬರೆಸ್ಕೊಳೋ ನಮ್ಮಂಥವರು ಕೋಲಾರದ ಬಿಸಿಲಲ್ಲಿ ಕೂತು ಅದನ್ನ ಮರೆಯೋಕಾಗಲ್ಲ.

ಹಂಗಾಗಿ ಆವತ್ತಿಂದ ಒಂದು ಸಣ್ಣ ಆ್ಯಪ್ ಬರೀತಾ ಇದೀನಿ, ಮಾವನ ಮೈದಾನಕ್ಕೆ ಅಂತಾನೇ. ನೆಟ್‌ವರ್ಕ್ ಬೇಡ, ಒಂದ್ಸಲ ಇಳಿಸ್ಕೊಂಡ್ರೆ ಫೋನಲ್ಲೇ ಎಲ್ಲಾ ಇರುತ್ತೆ, ಲಾಗಿನ್ ಇಲ್ಲ, ಮ್ಯಾಪ್ ಬದಲು ಮಾವ ಹೇಳೋ ಗುರುತುಗಳೇ: ಬೇವಿನ ಮರ, ಕಲ್ಲು, ಮುರಿದ ಬೇಲಿ. ಕನ್ನಡ, ತಮಿಳು ಎರಡರಲ್ಲೂ. ಬಾವುಟಕ್ಕೆ ಎಷ್ಟು ಗಜ ಅನ್ನೋದು ಕೆಳಗೆ ಚಿಕ್ಕದಾಗಿ, ಚೆಂಡು ಎಲ್ಲಿ ಬೀಳಬೇಕು ಅನ್ನೋದು ಮೇಲೆ ದೊಡ್ಡದಾಗಿ. ನೆಲಕ್ಕೆ ಮೂರು ಆಯ್ಕೆ, ಮಾವನೇ ಹೇಳಿದ್ದು: ಹಿಮ್ಮಡಿ ಊರಲ್ಲ, ಚೂರು ಊರುತ್ತೆ, ಪೂರ್ತಿ ಊರುತ್ತೆ. ಗಣಿ ಕಾರ್ಮಿಕರ ಲೈನ್ ಮನೆಗಳ ಮಕ್ಕಳು ಸಂಜೆ ಮೈದಾನದ ಅಂಚಲ್ಲಿ ಕ್ರಿಕೆಟ್ ಆಡ್ತಿರ್ತಾರೆ, ಅವರ ಕೈಗೂ ಒಂದೊಂದು ಹಳೇ ಐರನ್ ಸಿಗಬೇಕು ಅಂತ ನಂಗೆ ಬಹಳ ಆಸೆ, ಆಫೀಸಲ್ಲಿ ಗಾಲ್ಫ್ ಆಡೋರ ಹತ್ರ ಹಳೇ ಕ್ಲಬ್ ಕೇಳಿಟ್ಟಿದೀನಿ, ಕೆಲವರು ಕೊಡ್ತೀವಿ ಅಂದಿದಾರೆ.

ಮೇ ತಿಂಗಳಲ್ಲಿ ಒಂದು ಜೋರು ಮಳೆ ಬಿದ್ದ ಮಾರನೇ ದಿನ ಮಾವ ಫೋನ್ ಮಾಡಿ, ಬೇವಿನ ಮರದ ಹೋಲಲ್ಲಿ ಚೆಂಡು ಅರ್ಧಕ್ಕೇ ನಿಂತ್ಕೊಳ್ತೈತೆ, ನಿನ್ ಲೆಕ್ಕ ತಪ್ಪಿದೆ, ಬಂದು ಸರಿ ಮಾಡು ಅಂದ್ರು. ಮಧ್ಯದ ಆಯ್ಕೆಗೆ ಬೇರೆ ನಂಬರ್ ಬೇಕು. ಈ ಶನಿವಾರ ಟೇಪ್ ತಗೊಂಡು ಹೋಗ್ತಿದೀನಿ, ಬರ್ತಾ ಬಂಗಾರಪೇಟೆ ಪಾನಿಪುರಿ ಕಟ್ಟಿಸ್ಕೊಂಡ್ ಬಾ, ಅತ್ತೆಗೆ ಖಾರ ಕಮ್ಮಿ ಅಂತ ಮಾವ ಬೇರೆ ಹೇಳಿದಾರೆ.