ಅಪ್ಪನ ಜಾತ್ರೆಯಲ್ಲಿ ನಮ್ಮ ಸ್ಕೌಟ್ ದಳ

ಹೋಳಿ ಹುಣ್ಣಿಮೆಯ ನಂತರದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ರಥೋತ್ಸವ, ಅಂದರೆ ನಮ್ಮ ಜನರ ಬಾಯಲ್ಲಿ ಅಪ್ಪನ ಜಾತ್ರೆ, ನಡೆಯುತ್ತದೆ. ನಾನು ಸ್ಕೌಟ್ ಮಾಸ್ಟರ್ ಆಗಿರುವ ನಮ್ಮ ಶಾಲೆಯ ದಳದ ಇಪ್ಪತ್ತೆರಡು ಹುಡುಗರು ಈ ಸಲವೂ ಆ ದಿನ ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ಸೇವೆಗೆ ನಿಂತಿದ್ದರು. ಇತ್ತೀಚೆಗೆ ದಳದ ನಾಲ್ವರಿಗೆ ಸ್ಕೌಟ್‌ಗಳಿಗೆ ಕೊಡುವ ರಾಜ್ಯ ಪುರಸ್ಕಾರ ಬಂದ ಸುದ್ದಿ ಕೇಳಿ ಊರಿನವರೆಲ್ಲ ಅಭಿನಂದಿಸಿದರು. ಆ ಮೆಚ್ಚುಗೆಗೆ ನಾವು ಋಣಿಗಳು. ಆದರೆ ಈ ಮಕ್ಕಳು ಏನು ಕಲಿತಿದ್ದಾರೆಂದು ನನಗೆ ಮನವರಿಕೆಯಾದದ್ದು ಜಾತ್ರೆಯ ಬಿಸಿಲಿನಲ್ಲಿ, ಆದ್ದರಿಂದ ಅದನ್ನೇ ಬರೆಯುತ್ತೇನೆ.

ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ ಎಂಬ ಸ್ಕೌಟ್ ತರಬೇತಿಯ ಮೆಟ್ಟಿಲುಗಳನ್ನು ದಾಟಿದ ಮೇಲೆಯೇ ರಾಜ್ಯ ಪುರಸ್ಕಾರದ ಪರೀಕ್ಷೆ. ಅದರ ಮುಂದಿನದು ರಾಷ್ಟ್ರಪತಿ ಪುರಸ್ಕಾರ. ಒಂದೊಂದು ಮೆಟ್ಟಿಲಿನಲ್ಲೂ ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ದಿಕ್ಕು ಗುರುತಿಸುವುದು, ಬಯಲಿನಲ್ಲಿ ಅಡುಗೆ ಮಾಡುವುದು ಎಲ್ಲವನ್ನೂ ಮಾಡಿ ತೋರಿಸಬೇಕು. ಸೇವೆಯ ಪಾಠವಂತೂ ಮೊದಲ ದಿನದಿಂದಲೇ ಇದೆ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಇಪ್ಪತ್ತು ಹುಡುಗರೊಂದಿಗೆ ನಡೆಸಿದ ಶಿಬಿರದಿಂದ ಆರಂಭವಾದ ಈ ಚಳವಳಿ 1909ರಲ್ಲಿ ಬೆಂಗಳೂರಿಗೆ ಬಂದಾಗ ಭಾರತೀಯ ಮಕ್ಕಳಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಆಗ ನಮ್ಮವರೇ ದಳಗಳನ್ನು ಕಟ್ಟಿದರು. ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರು 1918ರಲ್ಲಿ ಅಲಹಾಬಾದಿನಲ್ಲಿ ಆರಂಭಿಸಿದ ಸೇವಾ ಸಮಿತಿ ಸ್ಕೌಟ್ ಸಂಘ ಅವುಗಳಲ್ಲೊಂದು. ಹೀಗೆ ಬೇರೆ ಬೇರೆಯಾಗಿದ್ದ ಸಂಘಗಳು 1950ರ ನವೆಂಬರ್ 7ರಂದು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಯಾತ್ರಿಕರ ಸೇವೆಗೆಂದು ಹುಟ್ಟಿದ ಸೇವಾ ಸಮಿತಿಯ ಪರಂಪರೆಯನ್ನು ನೆನೆದಾಗ, ಜಾತ್ರೆಯ ಅರವಟಿಗೆಯಲ್ಲಿ ನೀರು ಕೊಡುವ ನಮ್ಮ ಹುಡುಗರು ಹೊಸದೇನನ್ನೂ ಮಾಡುತ್ತಿಲ್ಲ, ಹಿರಿಯರ ದಾರಿಯಲ್ಲೇ ನಡೆಯುತ್ತಿದ್ದಾರೆ ಎನ್ನಿಸುತ್ತದೆ.

ದಾಸೋಹಕ್ಕೆ ಹೆಸರಾದ ಶರಣರ ಜಾತ್ರೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಜನರಿಗೆ ಬೇಕಾಗುವುದು ನೀರು ಮತ್ತು ನೆರಳು. ಮೊದಲ ವರ್ಷ ನೀರಿನ ಟ್ಯಾಂಕರಿಗಾಗಿ ಒಂದು ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟರೂ ಉತ್ತರ ಬರಲಿಲ್ಲ. ಕೊನೆಗೆ ಪೋಷಕರೊಬ್ಬರು ತಮ್ಮ ಟ್ರ್ಯಾಕ್ಟರಿನಲ್ಲಿ ಟ್ಯಾಂಕ್ ಇಟ್ಟು ತಂದುಕೊಟ್ಟರು, ಅಂದಿನಿಂದ ಅದೇ ವ್ಯವಸ್ಥೆ ನಡೆದುಬಂದಿದೆ. ಹರವಿಗಳಿಗೆ ಒದ್ದೆ ಗೋಣಿತಟ್ಟು ಸುತ್ತುವುದು ಕಿರಿಯರ ಕೆಲಸ. ಬಿಸಿಲಿಗೆ ಬಳಲಿ ಬಂದವರಿಗಾಗಿ ಹಿರಿಯ ಹುಡುಗರು ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಇಟ್ಟಿರುತ್ತಾರೆ. ಉಪ್ಪು ಹೆಚ್ಚಾದರೆ ಅಪಾಯವಾದ್ದರಿಂದ ಚಮಚದ ಮೇಲ್ಭಾಗವನ್ನು ಕಡ್ಡಿಯಿಂದ ಸಮ ಮಾಡಿಯೇ ಹಾಕಬೇಕೆಂದು ಪ್ಯಾಟ್ರೋಲ್ ಲೀಡರ್ ಒಬ್ಬ ಆರನೆಯ ತರಗತಿಯ ಹುಡುಗನಿಗೆ ತಾಳ್ಮೆಯಿಂದ ತೋರಿಸಿಕೊಡುತ್ತಿದ್ದುದನ್ನು ನಾನು ಹಿಂದೆ ನಿಂತು ನೋಡಿದೆ. ಆ ಮಾತನ್ನು ಎರಡು ವರ್ಷದ ಹಿಂದೆ ಆ ಲೀಡರಿಗೆ ಹೇಳಿದವನು ನಾನು. ಆರರಿಂದ ಎಂಟು ಮಕ್ಕಳ ಪ್ಯಾಟ್ರೋಲ್, ಅದಕ್ಕೊಬ್ಬ ಮಕ್ಕಳಲ್ಲೇ ಲೀಡರ್ ಎಂಬ ಏರ್ಪಾಟು ಏಕೆ ಇದೆಯೆಂಬುದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ತೇರು ಎಳೆಯುವ ಸಂಜೆ ತಪ್ಪಿಸಿಕೊಂಡ ಮಕ್ಕಳದೇ ಚಿಂತೆ. ಈ ಸಲ ನಾಲ್ಕೈದು ವರ್ಷದ ಬಾಲಕಿಯೊಬ್ಬಳು ಅಳುತ್ತ ನಮ್ಮ ಡೇರೆಗೆ ಬಂದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಉತ್ತರವಿಲ್ಲ. ಆಳಂದದ ಕಡೆಯ ಮಹಾರಾಷ್ಟ್ರ ಗಡಿಯ ಹಳ್ಳಿಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿರುವ ನಮ್ಮ ಹುಡುಗನೊಬ್ಬ ಅವಳ ಮುಂದೆ ಮಂಡಿಯೂರಿ ಕುಳಿತು ಮರಾಠಿಯಲ್ಲಿ ಮಾತಾಡಿಸಿದ. ತಂದೆಯ ಹೆಸರನ್ನು ಅವನು ಮೊದಲು ಕೇಳಲಿಲ್ಲ. ಯಾವುದರಲ್ಲಿ ಬಂದೆ, ಜೊತೆಗೆ ಯಾರಿದ್ದರು, ಅಮ್ಮನ ಸೀರೆ ಯಾವ ಬಣ್ಣ ಎಂದು ಕೇಳಿದ. ಹಸಿರು ಸೀರೆ, ಕೆಂಪು ಜೀಪು ಎಂಬ ಎರಡೇ ಗುರುತುಗಳನ್ನು ಪೊಲೀಸರ ಧ್ವನಿವರ್ಧಕದಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಹೇಳಿಸಿದ ಸ್ವಲ್ಪ ಹೊತ್ತಿಗೆಲ್ಲ ತಾಯಿ ಓಡಿಬಂದರು. ಆಕೆ ಮಗಳನ್ನು ಎತ್ತಿಕೊಂಡು ಅತ್ತ ರೀತಿ ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಕತ್ತಲಾಗುವ ಹೊತ್ತಿಗೆ ಒಬ್ಬ ಅಜ್ಜಿ ಮೆಟ್ಟಿಲಿನ ಬಳಿ ಬಿದ್ದರು, ಮುಂಗೈ ಊದಿಕೊಂಡಿತ್ತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿದ್ದ, ಜೋಲಿ ಕಟ್ಟುವ ತ್ರಿಕೋನ ಬಟ್ಟೆಗಳು ಅಷ್ಟರಲ್ಲೇ ಮುಗಿದಿದ್ದವು. ಎಂಟನೆಯ ತರಗತಿಯ ಹುಡುಗನೊಬ್ಬ ತಡಮಾಡದೆ ತನ್ನ ಕೊರಳಿನ ಸ್ಕಾರ್ಫ್ ಬಿಚ್ಚಿದ. ಮಡಿಸಿದ ಪತ್ರಿಕೆಯನ್ನು ಮುಂಗೈಗೆ ಆಧಾರವಾಗಿ ಕಟ್ಟಿ, ಸ್ಕಾರ್ಫಿನಿಂದ ಜೋಲಿ ಮಾಡಿ, ರೀಫ್ ಗಂಟನ್ನು ಬೆನ್ನುಮೂಳೆಯ ಮೇಲೆ ಬರದಂತೆ ಕೊರಳಿನ ಪಕ್ಕದಲ್ಲಿ ಹಾಕಿದ. ಆ ಗಂಟು ಚಪ್ಪಟೆಯಾಗಿ ಕೂರುವುದರಿಂದ ಒತ್ತುವುದಿಲ್ಲ, ಬಿಚ್ಚುವುದೂ ಸುಲಭ. "ನೋವು ಆಗಾಕತ್ತದೇನ್ರಿ ಅಮ್ಮಾ?" ಎಂದು ಅವನು ಕೇಳಿದ್ದಕ್ಕೆ ಅಜ್ಜಿ, "ಇಲ್ಲೋ ಯಪ್ಪಾ, ಹಿಡದದ ನೋಡು" ಎಂದರು. ಆಸ್ಪತ್ರೆಯ ವಾಹನ ಅವರನ್ನು ಕರೆದೊಯ್ದಿತು, ಸ್ಕಾರ್ಫೂ ಅವರೊಂದಿಗೆ ಹೋಯಿತು.

ಮುಂದಿನ ವಾರದ ಸಮವಸ್ತ್ರ ತಪಾಸಣೆಗೆ ಅವನು ಬರಿಗೊರಳಿನಲ್ಲಿ ನಿಂತಿದ್ದ. ಹೊಸ ಸ್ಕಾರ್ಫಿಗೆ ಮನೆಯಲ್ಲಿ ಹಣ ಕೇಳಲು ಅವನಿಗೆ ಸಂಕೋಚವೆಂದು ಅವನ ಲೀಡರ್ ನನಗೆ ತಿಳಿಸಿದ. ಹುಡುಗರು ತಾವೇ ದುಡಿದು ಗಳಿಸುವ ಪದ್ಧತಿಗೆ ನಮ್ಮಲ್ಲಿ ಖರಿ ಕಮಾಯಿ ಎನ್ನುತ್ತಾರೆ. ಹಳೆಯ ಪತ್ರಿಕೆಗಳಿಂದ ಚೀಲ ಮಾಡಿ ಕಿರಾಣಿ ಅಂಗಡಿಗಳಿಗೆ ಮಾರಿದ ಹಣ ದಳದ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಅವನಿಗೊಂದು ಸ್ಕಾರ್ಫ್ ಕೊಡಿಸಲು ಹುಡುಗರೇ ಸಭೆ ಸೇರಿ ನಿರ್ಧರಿಸಿದರು. ಉಳಿದ ಹಣದಲ್ಲಿ ಬಿಳಿ ಕೋರಾ ಬಟ್ಟೆ ತಂದು ಹತ್ತು ತ್ರಿಕೋನ ಬಟ್ಟೆಗಳನ್ನು ಹೊಲಿಸಿದ್ದಾರೆ. ನಮ್ಮೂರಿನ ಸೂಫಿ ಸಂತ ಬಂದೇ ನವಾಜರ ಉರುಸಿನ ಸೇವೆಗೆ ಹೊರಡುವಾಗ ಅವೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿರುತ್ತವೆ.