ಮಂಜರಾಬಾದ್ ಕೋಟೆ ಮೇಲೊಂದು ಭಾನುವಾರ

ಹೋದ ಭಾನುವಾರ ಅಕ್ಕನ ಮಗಳನ್ನ ಹಿಂದೆ ಕೂರಿಸ್ಕೊಂಡು ಹಾಸನದಿಂದ ಬೈಕಲ್ಲಿ ಸಕಲೇಶಪುರದ ಕಡೆ ಹೊರಟೆ. ಪಿಯುಸಿ ಹುಡುಗಿ, ಪರೀಕ್ಷೆಗೆ ಅಂತ ಸಾಮ್ರಾಜ್ಯಶಾಹಿಗೆ ಕಾರಣಗಳು ಅಂತ ಬಾಯಿಪಾಠ ಮಾಡ್ಕೊಂಡಿದ್ಲು, ಕಚ್ಚಾ ಮಾಲು, ಮಾರುಕಟ್ಟೆ, ರಾಷ್ಟ್ರದ ಪ್ರತಿಷ್ಠೆ ಅಂತ ದಾರಿಯುದ್ದಕ್ಕೂ ಒಪ್ಪಿಸ್ತಾನೇ ಬಂದ್ಲು. ಬಾಳ್ಳುಪೇಟೆಲಿ ಕಾಫಿ ಕುಡಿದು, ಸಕಲೇಶಪುರ ದಾಟಿ, ಮಂಗಳೂರು ರೋಡಲ್ಲಿ ಕೋಟೆ ಹತ್ರ ಗಾಡಿ ನಿಲ್ಲಿಸಿದ್ವಿ.

ಮೆಟ್ಟಿಲು ಹತ್ತೋವಾಗ ಮಂಜು ಎಷ್ಟಿತ್ತಂದ್ರೆ ಕೋಟೆ ಬಾಗಿಲು ಹತ್ತು ಹೆಜ್ಜೆ ಮುಂಚೆ ಮಾತ್ರ ಕಾಣಿಸ್ತು. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ, ಯುರೋಪಿನ ಮಾದರಿ. ಒಂದು ಮೂಲೆಲಿ ನಿಂತು ನೋಡಿದ್ರೇನೇ ಅರ್ಥ ಆಗೋದು, ಪಕ್ಕದ ಗೋಡೆ ಬುಡ ಪೂರ್ತಿ ಕಾಣುತ್ತೆ, ಯಾರಾದ್ರೂ ಗೋಡೆಗೆ ಅಂಟ್ಕೊಂಡು ಹತ್ತೋಕೆ ಬಂದ್ರೆ ಇಲ್ಲಿಂದಲೇ ಗುಂಡು ಹೊಡೀಬಹುದು. ಒಳಗೆ ಮದ್ದಿನ ಕೋಣೆಗೆ ಇಳಿದ್ವಿ, ಗೋಡೆ ಮುಟ್ಟಿದ್ರೆ ಅಂಗೈ ತಣ್ಣಗಾಯ್ತು.

"ಮಾಮ, ಈ ಕಾಡಲ್ಲಿ ಯಾಕೆ ಕೋಟೆ?" ಅಂದ್ಲು. ಕೆಳಗಿನ ರೋಡ್ ತೋರಿಸ್ದೆ. ಘಟ್ಟ ಇಳಿದ್ರೆ ಮಂಗಳೂರು, ಬಂದರು, ಮೆಣಸು, ಹಡಗು. ಈ ದಾರಿ ಯಾರ ಕೈಲಿದೆಯೋ ದುಡ್ಡೂ ಅವರ ಕೈಲೇ. ಅದೇ 1792ರಲ್ಲೇ ಯುದ್ಧ ಸೋತು ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಅದರ ಮೇಲೆ 3 ಕೋಟಿ 30 ಲಕ್ಷ ರೂಪಾಯಿ, ಅದು ತೀರೋವರೆಗೆ ಇಬ್ಬರು ಮಕ್ಕಳು ಒತ್ತೆ. ಮೆಣಸಿನ ನಾಡು ಮಲಬಾರ್, ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಪಾಲಾಯ್ತು.

ನನಗೆ ಹೊಟ್ಟೆ ಉರಿಯೋದು 1799ರಲ್ಲಿ ಟಿಪ್ಪು ಸತ್ತ ನಂತರದ ಕಥೆಗೆ. ಮೈಸೂರಲ್ಲಿ ಒಡೆಯರನ್ನೇ ಕೂರಿಸಿದ್ರು, ಆದ್ರೆ ಕಾವಲಿಗೆ ಕಂಪನಿ ಸೈನ್ಯ, ಅದರ ಖರ್ಚಿಗೆ ವರ್ಷಕ್ಕೆ 7 ಲಕ್ಷ ವರಹ, ಅಂದ್ರೆ ಚಿನ್ನದ ನಾಣ್ಯ, ನಾವೇ ಕೊಡಬೇಕು, ಅಂದ್ರೆ ನಮ್ಮ ಕುತ್ತಿಗೆ ಮೇಲಿರೋ ಕತ್ತಿಗೆ ಸಂಬಳ ನಮ್ಮ ರೈತರ ಕಂದಾಯದಿಂದ! ಒಪ್ಪದೆ ಎದ್ದು ನಿಂತ ಇದೇ ಸೀಮೆಯ ಬಲಂ ಪಾಳೇಗಾರನನ್ನ 1802ರಲ್ಲಿ ಗಲ್ಲಿಗೇರಿಸಿದ್ರು. 1831ರಲ್ಲಿ ಶಿವಮೊಗ್ಗ ಕಡೆ ನಗರ ಸೀಮೆಯ ರೈತರ ದಂಗೆ ನೆಪದಲ್ಲಿ ಒಡೆಯರಿಂದ ಆಡಳಿತಾನೇ ಕಿತ್ಕೊಂಡ್ರು, ವಾಪಸ್ ಕೊಟ್ಟಿದ್ದು 1881ಕ್ಕೆ. ಆ ಮಧ್ಯದಲ್ಲೇ ಮಂಜರಾಬಾದ್ ಸೀಮೇಲಿ ಯುರೋಪಿನವರ ಕಾಫಿ ತೋಟಗಳು ಎದ್ದವು. ಯೆಮನ್‌ನಿಂದ ಬಾಬಾಬುಡನ್ ತಂದ್ರು ಅಂತಾರಲ್ಲ ಅದೇ ಗಿಡ, ಬೀಜ ಮಾತ್ರ ಮಂಗಳೂರಿಂದ ಹಡಗು ಹತ್ತಿ ಲಂಡನ್ನಿಗೆ. ಇಷ್ಟು ಹೇಳೋ ಹೊತ್ತಿಗೆ ಅವಳ "ಕಚ್ಚಾ ಮಾಲು" ಪಾಯಿಂಟ್ ಗುಡ್ಡದ ಕೆಳಗೇ ಕಾಣ್ತಿತ್ತು.

ವಾಪಸ್ ಬರೋವಾಗ ಬೇಲೂರಿಗೆ ಹೋದ್ವಿ. ಮದನಿಕೆಯರನ್ನ ಎಷ್ಟು ಸಲ ನೋಡಿದ್ರೂ ಕತ್ತು ನೋಯೋವರೆಗೂ ನೋಡ್ತೀನಿ. 1117ರ ಗುಡಿ, ಇಲ್ಲಿನ ಕೇಶವನಿಗೆ ವಿಜಯನಾರಾಯಣ ಅಂತಾನೇ ಹೆಸರು, ಹೊಯ್ಸಳ ದೊರೆ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದ ಕಾಲ ಅದು, ಬಿರುದೇ ತಲಕಾಡುಗೊಂಡ. ಹುಡುಗಿ ಸುಮ್ನಿರ್ಲಿಲ್ಲ, "ಇದೂ ರಾಜ್ಯ ವಿಸ್ತರಣೆನೇ ತಾನೆ ಮಾಮ?" ಅಂದ್ಲು. ಹೌದು ಅಂದೆ, ಮುಚ್ಚಿಡೋದೇನಿದೆ. ಗೆದ್ದ ದುಡ್ಡು ಸಮುದ್ರ ದಾಟಿ ಹೋಗ್ಲಿಲ್ಲ, ಇಲ್ಲೇ ಕೆರೆ, ಗುಡಿ ಆಯ್ತು, ಅದು ದೊಡ್ಡ ವ್ಯತ್ಯಾಸ. ಆದ್ರೆ ತಲಕಾಡಿನವರ ಪಾಡೇ ಬೇರೆ. ಚೋಳರು ಗೆದ್ದು ಅದಕ್ಕೆ ರಾಜರಾಜಪುರ ಅಂತ ಹೆಸರಿಟ್ರು, ಹೊಯ್ಸಳರು ಗೆದ್ದು ಅಲ್ಲಿ ಕೀರ್ತಿನಾರಾಯಣನ ಗುಡಿ ಎಬ್ಬಿಸಿದ್ರು.

ಪರೀಕ್ಷೆ ಮುಗಿದ್ಮೇಲೆ ತಲಕಾಡಿಗೂ ಹೋಗ್ಬೇಕಂತೆ, ಅವಳೇ ಡೇಟ್ ಹೇಳಿದಾಳೆ.