ಗುರುವಾರ ಅಂದಿದ್ದು ಯಾವ ಲೆಕ್ಕದಲ್ಲಿ?

2025ರಲ್ಲಿ ಭೀಮನ ಅಮಾವಾಸ್ಯೆ ಕಳೆದು ಒಂದು ವಾರ, ವರಮಹಾಲಕ್ಷ್ಮಿಗೆ ಇನ್ನು ಎಂಟೇ ದಿನ ಇತ್ತು. ಇಂಥ ಹೊತ್ತಲ್ಲಿ ಲೇಡೀಸ್ ಟೈಲರ್ ಅಂಗಡಿ ಹೇಗಿರುತ್ತದೆ ಅಂತ ಯಾರಿಗೂ ಹೇಳಬೇಕಾಗಿಲ್ಲ. ಹಾಸನದ ಅಂಥದೊಂದು ಅಂಗಡಿಯಲ್ಲಿ ಆ ಗುರುವಾರ ಕೇಳಿದ ಎರಡು ಮಾತು ಇನ್ನೂ ಕಿವಿಯಲ್ಲೇ ಇದೆ.

ರಿಟೈರ್ ಆದ ಟೀಚರ್ ಒಬ್ಬರು ಬಿಲ್ ಚೀಟಿ ಹಿಡಿದು ಬಂದರು. ಬ್ಲೌಸ್ ಇನ್ನೂ ಕಟಿಂಗೇ ಆಗಿರಲಿಲ್ಲ. ಅವರು ಕೂಗಾಡಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, ಕ್ಲಾಸಿನಲ್ಲಿ ಕೇಳುವ ಹಾಗೆ ಕೇಳಿದರು: ‘ಗುರುವಾರ ಅಂತ ಯಾವ ಲೆಕ್ಕದಲ್ಲಿ ಹೇಳಿದ್ದಮ್ಮ ನೀನು?’

ಟೈಲರಕ್ಕ ಟೇಪು ಕೊರಳಿಂದ ತೆಗೆಯುತ್ತ ಹೇಳಿದಳು: ‘ನಿಮಗೆ ಶುಕ್ರವಾರ ಗೃಹಪ್ರವೇಶ ಅಂದ್ರಲ್ಲ ಮೇಡಂ, ಅದಕ್ಕೇ ಗುರುವಾರ ಅಂದೆ.’

ಆಕೆ ನುಣುಚಿಕೊಳ್ಳೋಕೆ ಆಡಿದ ಮಾತಲ್ಲ ಅದು, ನಿಜವನ್ನೇ ಹೇಳಿದ್ದು. ಸಣ್ಣ ಅಂಗಡಿಗಳ ವಾರ ಕೆಡುವುದು ಎಲ್ಲಿ ಅನ್ನೋದು ಆ ಒಂದು ವಾಕ್ಯದಲ್ಲೇ ಇದೆ. ತಾರೀಕು ಹುಟ್ಟಿದ್ದು ಗಿರಾಕಿಯ ಅಗತ್ಯದಿಂದ. ಅಂಗಡಿಯಲ್ಲಿ ಎಷ್ಟು ಗಂಟೆ ಉಳಿದಿದೆ ಅನ್ನೋದನ್ನು ಯಾರೂ ಕೇಳಲೇ ಇಲ್ಲ. ಆ ಅಕ್ಕನ ಕೈ ಒಳ್ಳೆಯದು, ಉದ್ದ ತುಂಡುಗಳನ್ನು ಜೋಡಿಸುವ ಪ್ರಿನ್ಸೆಸ್ ಕಟ್ ಬ್ಲೌಸ್ ಟ್ರಯಲ್ ಇಲ್ಲದೇ ಮೈಗೆ ಕೂರುವ ಹಾಗೆ ಹೊಲಿಯುತ್ತಾಳೆ. ಇಂಥ ಕೆಲಸಗಾರರಿಗೆ ‘ಸುಳ್ಳು ಹೇಳ್ತಾರೆ’ ಅನ್ನೋ ಹೆಸರು ಬರೋದು ನೋಡಿದರೆ ಸಂಕಟವಾಗುತ್ತದೆ.

ಟೀಚರ್ ಪಾಲೂ ಇದರಲ್ಲಿ ಇಲ್ಲದಿಲ್ಲ. ಶನಿವಾರ ಸೀರೆ ಕೊಟ್ಟು ಹೋಗುವಾಗ ಒಳಗೆ ಹಚ್ಚುವ ಲೈನಿಂಗ್ ಬಟ್ಟೆ ತಂದಿರಲಿಲ್ಲ. ಅಳತೆ ಬ್ಲೌಸ್ ಸೋಮವಾರ ಕಳಿಸ್ತೀನಿ ಅಂದವರು ಕಳಿಸಿದ್ದು ಮಂಗಳವಾರ ಸಂಜೆ. ಆದರೂ ಇಬ್ಬರ ತಲೆಯಲ್ಲೂ ಗುರುವಾರ ಗುರುವಾರವಾಗಿಯೇ ಉಳಿಯಿತು.

ಒಡತಿ ಒಬ್ಬಳೇ ಕಟಿಂಗ್ ಮಾಡಿ, ಇಬ್ಬರು ಮೆಷಿನ್ ಮೇಲೆ ಕೂತು, ಹುಕ್ಸು-ಹೆಮ್ಮಿಂಗ್ (ಅಂಚಿನ ಕೈಹೊಲಿಗೆ) ಮನೆಯಲ್ಲೇ ಮಾಡಿಕೊಡುವ ಒಬ್ಬಾಕೆ ಇರುವ ಅಂಗಡಿಯ ಲೆಕ್ಕ ಹಾಕೋಣ. ನಮ್ಮ ಊರುಗಳಲ್ಲಿ ಹೆಚ್ಚಿನವು ಇಷ್ಟೇ ದೊಡ್ಡವು. ಬೆಳಗ್ಗೆ 10ಕ್ಕೆ ತೆಗೆದು ರಾತ್ರಿ 8ಕ್ಕೆ ಮುಚ್ಚಿದರೆ ಊಟ ಕಳೆದು 9 ಗಂಟೆ. ದಿನಕ್ಕೆ 8 ಜನ ಅಳತೆ ಕೊಡೋಕೆ ಬಂದರೆ, ಕತ್ತು ಎಷ್ಟು ಆಳ, ತೋಳು ಎಷ್ಟು ಉದ್ದ, ಬಾರ್ಡರ್ ಎಲ್ಲಿ ಬರಬೇಕು ಅಂತ ಮಾತಾಡುತ್ತ ತಲೆಗೆ ಕಾಲು ಗಂಟೆ, ಒಟ್ಟು 2 ಗಂಟೆ. ಡೆಲಿವರಿ, ಟ್ರಯಲ್‌ಗೆ ಒಂದೂವರೆ. ಫೋನು, ವಾಟ್ಸ್ಆ್ಯಪ್‌ನಲ್ಲಿ ಬರುವ ಡಿಸೈನ್ ಫೋಟೋಗಳಿಗೆ 1. ಮ್ಯಾಚಿಂಗ್ ದಾರ ತರಿಸೋದು, ಮೆಷಿನ್‌ನವರಿಗೆ ಕೆಲಸ ಹಂಚೋದು ಇನ್ನೊಂದು ಗಂಟೆ. ಕಟಿಂಗ್ ಟೇಬಲ್ಲಿಗೆ ಉಳಿದಿದ್ದು ಮೂರೂವರೆ ಗಂಟೆ. ಸಾದಾ ಲೈನಿಂಗ್ ಬ್ಲೌಸ್ ಒಂದಕ್ಕೆ ಮಾರ್ಕಿಂಗ್ ಸೇರಿ 25 ನಿಮಿಷ ಇಟ್ಟರೆ ದಿನಕ್ಕೆ 8 ಪೀಸು. ಮೆಷಿನ್‌ನವರು ಒಂದೊಂದಕ್ಕೆ ಒಂದೂವರೆ ಗಂಟೆಯಂತೆ ತಲಾ ಐದಾದರೂ, ಒಟ್ಟು 10 ಹೊಲಿಯಬಲ್ಲರು. ಅಂದರೆ ಇನ್ನೊಂದು ಮೆಷಿನ್ ತಂದರೂ ಈ ಅಂಗಡಿಯಿಂದ ಹೊರಗೆ ಹೋಗೋದು 8 ಪೀಸೇ. ಆದರೆ ತಡವಾಗುತ್ತಿದೆ ಅಂದಾಗ ಬಹಳಷ್ಟು ಅಂಗಡಿಯವರು ಮೊದಲು ಮಾಡೋದು ಸಾಲ ಮಾಡಿ ಮೆಷಿನ್ ತರೋದನ್ನೇ.

ವಾರದ 6 ದಿನಕ್ಕೆ 48. ಇಷ್ಟನ್ನೂ ಮಾತು ಕೊಡುವ ಹಾಗಿಲ್ಲ. ಕರೆಂಟು ಹೋಗುತ್ತದೆ, ಹೊಲಿದದ್ದನ್ನು ಬಿಗಿ-ಸಡಿಲ ಮಾಡುವ ಆಲ್ಟರ್ ಬರುತ್ತದೆ, ಮೆಷಿನ್‌ನವರಲ್ಲಿ ಒಬ್ಬರ ಮಗುವಿಗೆ ಜ್ವರ ಬರುತ್ತದೆ. ಎಂಟರಲ್ಲಿ ಆರಕ್ಕೆ ಮಾತ್ರ ತಾರೀಕು ಕೊಟ್ಟರೆ ವಾರಕ್ಕೆ 36. ಬಿಲ್ ಬುಕ್ಕಿನಲ್ಲಿ 60 ಬರೆದುಕೊಂಡರೆ, ಎಲ್ಲವೂ ಸರಿಯಾಗಿ ನಡೆದರೂ 12 ಬ್ಲೌಸು ಮುಂದಿನ ಸೋಮವಾರದ ತಲೆ ಮೇಲೆ ಕೂರುತ್ತವೆ. ಆ ಸೋಮವಾರ ಆಗಲೇ ತಡವಾಗಿಯೇ ಶುರುವಾಗುತ್ತದೆ.

ಮಾಡಬೇಕಾದ್ದು ಒಂದು 200 ಪೇಜಿನ ನೋಟ್‌ಬುಕ್ಕಿನ ಕೆಲಸ. ದಿನಕ್ಕೆ ಒಂದು ಪುಟ, ಪುಟಕ್ಕೆ 8 ಗೆರೆ. ಸಾದಾ ಲೈನಿಂಗ್ ಬ್ಲೌಸಿಗೆ ಒಂದು ಗೆರೆ, ಪೈಪಿಂಗ್ (ಅಂಚಿನ ಪಟ್ಟಿ), ಡೋರಿ (ಕಟ್ಟುವ ದಾರ), ಪ್ರಿನ್ಸೆಸ್ ಕಟ್ ಇದ್ದರೆ ಎರಡು, ಲಂಗ-ದಾವಣಿ ಸೆಟ್ಟಿಗೆ ನಾಲ್ಕು. ಆಲ್ಟರ್ ನಾಲ್ಕು ಸೇರಿದರೆ ಒಂದು. ಬರೆಯೋದು ಕಟಿಂಗ್ ಆಗುವ ದಿನದ ಪುಟದಲ್ಲಿ. ಹೊಲಿಗೆಗೆ ಮರುದಿನ, ಕೈಕೆಲಸಕ್ಕೆ ಇನ್ನೊಂದು ದಿನ, ಇಸ್ತ್ರಿ ಮತ್ತು ಚೆಕಿಂಗ್‌ಗೆ ಮತ್ತೊಂದು. ಕಟಿಂಗ್ ಪುಟದಿಂದ ಮೂರನೇ ದಿನಕ್ಕಿಂತ ಮೊದಲು ಡೆಲಿವರಿ ತಾರೀಕು ಬರೆಯಬಾರದು. ಸೀರೆಗೆ ಕುಚ್ಚು ಕಟ್ಟಿಸಬೇಕಿದ್ದರೆ ಕುಚ್ಚಿನವರು ಹೇಳಿದ ದಿನ ಬೇರೆ ಸೇರುತ್ತದೆ. ಆರಿ ವರ್ಕ್ (ಕೈ ಕಸೂತಿ) ಇದ್ದರೆ ವರ್ಕ್ ಮುಗಿದು ಬಟ್ಟೆ ಕೈಗೆ ಬಂದ ಮೇಲೆಯೇ ಕಟಿಂಗ್ ಗೆರೆ ಹಾಕಬೇಕು.

ಗೆರೆ ಸಿಗಬೇಕಾದರೆ ಚೀಲದಲ್ಲಿ ನಾಲ್ಕೂ ಇರಬೇಕು: ಬಟ್ಟೆ, ಲೈನಿಂಗ್, ಅಳತೆ, ಒಪ್ಪಿದ ಡಿಸೈನ್. ಒಂದು ಕಡಿಮೆ ಇದ್ದರೂ ಚೀಲ ತಗೊಳ್ಳಿ, ಚೀಟಿ ಕೊಡಿ, ತಾರೀಕಿನ ಜಾಗ ಖಾಲಿ ಬಿಡಿ. ‘ನಾಲ್ಕೂ ಸೇರಿದ ದಿನ ಫೋನ್ ಮಾಡಿ ತಾರೀಕು ಹೇಳ್ತೀನಿ’ ಅಂದರೆ ಗಿರಾಕಿಯೂ ಅಳತೆ ಬ್ಲೌಸನ್ನು ಬೇಗ ತಂದುಕೊಡುತ್ತಾರೆ. ಟೀಚರ್ ವಿಷಯದಲ್ಲಿ ಈ ಒಂದು ನಿಯಮ ಇದ್ದಿದ್ದರೆ ಗುರುವಾರ ಅನ್ನೋ ಮಾತೇ ಹುಟ್ಟುತ್ತಿರಲಿಲ್ಲ. ಮಂಗಳವಾರ ರಾತ್ರಿ ಸತ್ಯ ಗೊತ್ತಾಗಿ, ಗೃಹಪ್ರವೇಶಕ್ಕೆ ಬೇರೆ ಸೀರೆ ತೆಗೆದಿಟ್ಟುಕೊಳ್ಳುತ್ತಿದ್ದರು.

ಲೈನಿಂಗ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಕಾಟನ್ ಲೈನಿಂಗ್ ನೀರು ಕಂಡರೆ ಕುಗ್ಗುತ್ತದೆ. ಅವಸರದಲ್ಲಿ ನೆನೆಸದೆ ಕತ್ತರಿಸಿದರೆ ಕೊಡುವ ದಿನ ಬ್ಲೌಸ್ ಚೆನ್ನಾಗಿಯೇ ಇರುತ್ತದೆ. ಮೊದಲ ಒಗೆತದಲ್ಲಿ ಒಳಗಿನದು ಎಳೆದುಕೊಂಡು ಮೇಲಿನ ಬಟ್ಟೆ ಸುಕ್ಕಾಗುತ್ತದೆ, ಎದೆ ಹತ್ತಿರ ಬಿಗಿಯುತ್ತದೆ, ಬ್ಲೌಸು ಆಲ್ಟರಿಗೆ ವಾಪಸ್ ಬರುತ್ತದೆ. ಸೀರೆಯ ಫಾಲ್ ಕೂಡ ಹಾಗೆಯೇ, ನೆನೆಸದೆ ಹಾಕಿದರೆ ಅಂಚು ಮುದುಡುತ್ತದೆ. ವಾರದ ಲೈನಿಂಗ್ ಎಲ್ಲ ಒಂದೇ ಸಂಜೆ ನೆನೆಸಿ, ಗಾಢ ಬಣ್ಣದವನ್ನು ಬೇರೆ ಬಕೆಟ್ಟಿಗೆ ಹಾಕಿ, ರಾತ್ರಿ ಹರವಿ, ಬೆಳಗ್ಗೆ ಇಸ್ತ್ರಿ ಮಾಡಿಟ್ಟರೆ ಆರು ದಿನಕ್ಕೆ ಚಿಂತೆಯಿಲ್ಲ. ಶ್ರಾವಣದ ಮೋಡದಲ್ಲಿ ಒಣಗೋಕೆ ಒಂದು ರಾತ್ರಿ ಸಾಲದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಟಿಂಗ್‌ಗೆ ಬೆಳಗಿನ 9ರಿಂದ 11, ಶಟರ್ ಅರ್ಧ ಇಳಿದಿರಲಿ, ಫೋನು ಸೈಲೆಂಟ್ ಇರಲಿ. ಗಿರಾಕಿಗಳಿಗೆ 11ರ ಮೇಲೆ. ಮಧ್ಯೆ ಯಾರೂ ಕರೆಯದಿದ್ದರೆ ಎರಡು ಗಂಟೆಯಲ್ಲಿ ಐದು ಪೀಸು ಸಲೀಸಾಗಿ ಆಗುತ್ತವೆ. ಉಳಿದ ಮೂರು ಮಧ್ಯಾಹ್ನದ ಖಾಲಿ ಹೊತ್ತಿಗೆ. ಇದು ವೇಗದ ಮಾತಷ್ಟೇ ಅಲ್ಲ. ಕತ್ತರಿ ಕೈಯಲ್ಲಿದ್ದಾಗ ಎದ್ದು ಹೋಗಿ ಅಳತೆ ತಗೊಂಡು ಬಂದರೆ ಎರಡೂ ತೋಳನ್ನು ಒಂದೇ ಕಡೆಗೆ ಕತ್ತರಿಸೋದು, ಮುಂದಿನ ಕತ್ತಿನ ಆಳವನ್ನು ಹಿಂದಕ್ಕೆ ಹಾಕೋದು ಆಗುತ್ತದೆ. ಸೀರೆಯ ಜೊತೆ ಬರುವ ಬ್ಲೌಸ್ ಪೀಸು ಸುಮಾರು 80 ಸೆಂಟಿಮೀಟರ್. ಕೆಟ್ಟರೆ ಅದೇ ಬಾರ್ಡರಿನ ಬಟ್ಟೆ ಎಲ್ಲಿಂದಲೂ ಸಿಗೋದಿಲ್ಲ.

ಕತ್ತರಿಸಿದ್ದನ್ನು ಮೆಷಿನ್‌ಗೆ ಕೊಡುವಾಗ ಬಣ್ಣದ ಮೇಲೆ ಗುಂಪು ಮಾಡಿ. ಕೆಂಪು-ಮರೂನ್ ಒಟ್ಟಿಗೆ, ಹಸಿರೆಲ್ಲ ಒಟ್ಟಿಗೆ. ಪ್ರತಿ ಪೀಸಿಗೂ ಬಾಬಿನ್ (ಕೆಳದಾರದ ಸುರುಳಿ) ಬದಲಿಸಿ, ಅಂಚು ಹೊಲಿಯುವ ಓವರ್‌ಲಾಕ್‌ನ ದಾರಗಳನ್ನೂ ಬದಲಿಸುತ್ತ ಕೂತರೆ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹೋಗುತ್ತದೆ.

ಡೆಲಿವರಿ ವಾರಕ್ಕೆ ಎರಡೇ ದಿನ ಇರಲಿ, ಬುಧವಾರ ಮತ್ತು ಶನಿವಾರ ಸಂಜೆ 5ರ ಮೇಲೆ. ದಿನವೂ ಡೆಲಿವರಿ ಅಂದರೆ ದಿನವೂ ಹತ್ತು ಜನ ‘ಆಯ್ತಾ’ ಅಂತ ಇಣುಕುತ್ತಾರೆ. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕುವ ಅನುಕೂಲ ಇದೆ: ‘ಕಟಿಂಗ್’, ‘ಹೊಲಿಗೆ’, ‘ರೆಡಿ’. ರೆಡಿಯಾದವರಿಗೆ ಒಂದೇ ಸಲ ಮೆಸೇಜ್ ಹೋಗಲಿ. ತಡವಾಗೋದು ಖಚಿತವಾದ ಕ್ಷಣವೇ ಅವರಿಗೂ ಮೆಸೇಜ್ ಹೋಗಬೇಕು. ಟೀಚರ್ ಆಟೋಗೆ ದುಡ್ಡು ಕೊಟ್ಟು ಬಂದು ಚೀಟಿ ಚಾಚಿದ ಮೇಲೆ ಹೇಳೋದು ಬಹಳ ತಪ್ಪು.

ಅಂದಿನಿಂದ ಆ ಉತ್ತರವೇ ತಲೆಯಲ್ಲಿ ತಿರುಗುತ್ತಿದೆ. ನಿಮಗೆ ಶುಕ್ರವಾರ ಬೇಕು ಅಂದ್ರಲ್ಲ, ಅದಕ್ಕೇ ಗುರುವಾರ ಅಂದೆ. ಅದರ ಹಿಂದೆ ದಾಕ್ಷಿಣ್ಯವೂ ಇದೆ, ಭಯವೂ ಇದೆ. ‘ಆಗಲ್ಲ’ ಅಂದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾರೆ ಅನ್ನೋ ಭಯ. ಹೋಗಲೂಬಹುದು. ಆದರೆ ಎದುರಿನ ಅಂಗಡಿಯಲ್ಲೂ ಇದೇ ಗುರುವಾರ ಸಿಗುತ್ತದೆ. ಎರಡು ಸಲ ಖಾಲಿ ಕೈಯಲ್ಲಿ ವಾಪಸಾದ ಮೇಲೆ, ‘ಆಗಸ್ಟ್ 6ರ ಬುಧವಾರಕ್ಕಿಂತ ಮೊದಲು ಆಗಲ್ಲ’ ಅಂತ ನೇರ ಹೇಳಿದವರ ಬಳಿಗೇ ಜನ ತಿರುಗಿ ಬರುತ್ತಾರೆ.

ಈ ಗುರುವಾರಗಳ ಬೆಲೆ ಕೊಡೋರು ಯಾರು ಅನ್ನೋದೂ ಇದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ಕೆಲಸಗಾರರಿಗೆ ವಾರಕ್ಕೊಂದು ರಜೆ ಅಂತ ಬರೆದಿದೆ. ಬಾಕಿ ಬಿದ್ದ ಅಂಗಡಿಯಲ್ಲಿ ಮೊದಲು ಹೋಗೋದು ಆ ರಜೆಯೇ, ಮೆಷಿನ್‌ನವರದ್ದೂ, ಒಡತಿಯದ್ದೂ. ಎಲ್ಲರಿಗಿಂತ ಕೊನೆಯಲ್ಲಿ ಸಿಕ್ಕಿಕೊಳ್ಳೋದು ಹೆಮ್ಮಿಂಗ್ ಮಾಡುವಾಕೆ. ಕಟಿಂಗ್ ತಡ, ಹೊಲಿಗೆ ತಡ, ಎಲ್ಲರ ತಡವೂ ಸೇರಿ ರಾತ್ರಿ 9ಕ್ಕೆ ಹತ್ತು ಬ್ಲೌಸು ಅವಳ ಮನೆಗೆ ಬರುತ್ತವೆ, ಬೆಳಗ್ಗೆ ವಾಪಸ್ ಬೇಕು. ಒಂದಕ್ಕೆ ಹುಕ್ಸು, ಕಾಜ, ಕತ್ತು-ತೋಳಿನ ಕೈಹೊಲಿಗೆ ಸೇರಿ ಅರ್ಧ ಗಂಟೆ ಅಂದರೂ ಹತ್ತಕ್ಕೆ ಐದು ಗಂಟೆ. ಅವಳಿಗೆ ಸಿಗೋದು ಮಾಮೂಲಿ ಪೀಸ್ ರೇಟೇ. ದಿನವೂ ಸಂಜೆ 4ಕ್ಕೆ ಆರರ ಗಂಟು ಅವಳ ಕೈ ಸೇರಿದರೆ ಅಡುಗೆ, ಮಕ್ಕಳ ಓದಿನ ನಡುವೆ ನಿದ್ದೆಗೆಡದೆ ಮುಗಿಸುತ್ತಾಳೆ.

ಅರ್ಜೆಂಟ್ ಕೆಲಸ ಬೇಡ ಅನ್ನೋಕಾಗಲ್ಲ. ಸಾವು, ನಿಶ್ಚಿತಾರ್ಥ, ದಿಢೀರ್ ಪ್ರಯಾಣ ಯಾರ ಪುಟ ನೋಡಿಯೂ ಬರೋದಿಲ್ಲ. ಅದಕ್ಕಾಗಿಯೇ ದಿನಕ್ಕೆರಡು ಗೆರೆ ಖಾಲಿ ಬಿಡೋದು. ಆ ಗೆರೆಯಲ್ಲಿ ಕೂತರೆ ಅರ್ಜೆಂಟು ಯಾರನ್ನೂ ಹಿಂದೆ ತಳ್ಳುವುದಿಲ್ಲ. ಆ ದಿನ ಮಧ್ಯಾಹ್ನದವರೆಗೂ ಯಾರೂ ಬರದಿದ್ದರೆ ನಾಳಿನ ಎರಡು ಪೀಸು ಇವತ್ತಿಗೇ ಎಳೆದುಕೊಳ್ಳಬಹುದು.

ಆ ವರ್ಷ ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ, 26ಕ್ಕೆ ಗೌರಿ, 27ಕ್ಕೆ ಗಣೇಶ ಇತ್ತು. ಪಂಚಾಂಗದಲ್ಲಿ ಯುಗಾದಿಗೇ ಬರೆದಿಟ್ಟ ದಿನಗಳು. ಮೊದಲನೆಯದರ ಅವಸರ ತಪ್ಪದಿದ್ದರೂ, ಗೌರಿಗಾದರೂ ಆಗಲೇ ಬೋರ್ಡು ಹಾಕಬಹುದಿತ್ತು: ‘ಗೌರಿ ಹಬ್ಬದ ಬ್ಲೌಸು ಆಗಸ್ಟ್ 14ರವರೆಗೆ ಮಾತ್ರ.’ ಅದರ ಮೇಲೆ ಬಂದವರಿಂದ ಅರ್ಜೆಂಟ್ ಚಾರ್ಜು ತಗೊಂಡರೆ, ಅದರಲ್ಲೊಂದು ಪಾಲು ರಾತ್ರಿ ಕೂತು ಹುಕ್ಸು ಹಚ್ಚುವಾಕೆಗೂ ಸೇರಲಿ.